ಯಾರಿಗೆ ಎಂದು ಕೇಳುತ್ತಿದ್ದವರು

ಅವರು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಅದರಲ್ಲೇನೂ ವಿಶೇಷವಿಲ್ಲ, ಆಳಂದದಲ್ಲಿ ಎಲ್ಲರೂ ಹಾಗೆಯೇ ಕುಡಿಯುತ್ತಿದ್ದರು. ಆದರೆ ಬಸಿಯನ್ನು ಬಾಯಿಗೆ ಒಯ್ಯುವ ಮೊದಲು ಅವರು ಒಂದು ಸಲ ಕೋಣೆಯ ಸುತ್ತ ಕಣ್ಣಾಡಿಸುತ್ತಿದ್ದರು, ಯಾರ ಕೈ ಬರಿದಾಗಿದೆ ಎಂದು. ಜೊತೆಗೆ ಬಂದ ಕಾಲೇಜಿನ ಜವಾನ ಹೊರಗೆ ಕಟ್ಟೆಯ ಮೇಲೆ ಕೂತಿದ್ದರೆ ಬಸಿ ಕೆಳಗಿಟ್ಟು, "ವೈನಿ, ಹೊರಗ ಒಬ್ರು ಅದಾರ" ಎನ್ನುತ್ತಿದ್ದರು. ವೈನಿ ಎಂದರೆ ಅತ್ತಿಗೆ, ನನ್ನನ್ನು ಅವರು ಹಾಗೆ ಕರೆಯುತ್ತಿದ್ದರು. ನಾನು ಹೊರಗೆ ಕೊಟ್ಟು ಬರುವಷ್ಟರಲ್ಲಿ ಅವರ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಅದನ್ನು ಕಿರುಬೆರಳಿನಿಂದ ಮೆಲ್ಲಗೆ ಬದಿಗೆ ಸರಿಸಿ, ತಣ್ಣಗಾದದ್ದನ್ನೇ ಕುಡಿಯುತ್ತಿದ್ದರು.

ಕಳೆದ ತಿಂಗಳು ಅಫಜಲಪುರದ ಕಡೆಯ ತಮ್ಮ ಹಳ್ಳಿಯಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕಿರುಬೆರಳು.

ಹೆಸರು ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರಿಗೆ ಬಹಳ ಸಂಕೋಚವಿತ್ತು. ನಮ್ಮ ಊರಿನ ವಾಣಿಜ್ಯ ಕಾಲೇಜಿಗೆ ಅವರು ಪ್ರಾಚಾರ್ಯರಾಗಿದ್ದಷ್ಟು ಕಾಲವೂ ಅವರ ಕೋಣೆಯ ಬಾಗಿಲಿಗೆ ಹೆಸರಿನ ಹಲಗೆ ಇರಲಿಲ್ಲ. ಯಾರೋ ಮಾಡಿಸಿ ತಂದುಕೊಟ್ಟ ಹಲಗೆಯನ್ನು ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದರು.

ನಮ್ಮ ಮನೆಗೆ ಅವರು ಬರುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ಮನೆಯವರದು ಅಡತ್ ಅಂಗಡಿ, ಅಂದರೆ ರೈತರು ತಂದ ತೊಗರಿ, ಕಡಲೆಯನ್ನು ಖರೀದಿದಾರರಿಗೆ ಮಾರಿಸಿಕೊಡುವ ಅಂಗಡಿ. ಊರಿನ ಅಡತ್ ವ್ಯಾಪಾರಿಗಳು, ಕೆಲವರು ಜಮೀನುದಾರರು ಸೇರಿ ಒಂದು ಸಂಘ ಮಾಡಿಕೊಂಡು ಆ ಕಾಲೇಜು ಕಟ್ಟಿದ್ದರು. ನಮ್ಮವರು ಸಂಘದ ಕಾರ್ಯದರ್ಶಿ. ಹಾಗಾಗಿ ಸಭೆಗಳೆಲ್ಲ ನಮ್ಮ ಪಡಸಾಲೆಯಲ್ಲೇ. ನಾನು ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನನಗೆ ಎರಡು ವಿದ್ಯೆ ಕಲಿಸಿದ್ದರು, ಬಟ್ಟೆಯ ಮೂಲೆಗೆ ಹೂವಿನ ಕಸೂತಿ ಹಾಕುವುದು, ಓರೆಯಾದ ಇಂಗ್ಲಿಷ್ ಅಕ್ಷರಗಳನ್ನು ಮುತ್ತು ಪೋಣಿಸಿದಂತೆ ಬರೆಯುವುದು. ಮದುವೆಯಾಗಿ ಬಂದ ಮೇಲೆ ಕಸೂತಿ ದಿಂಬಿನ ಚೀಲಗಳಿಗೆ ಉಪಯೋಗವಾಯಿತು. ಅಕ್ಷರಕ್ಕೆ ಕೆಲಸವಿರಲಿಲ್ಲ. ಅದಕ್ಕೆ ಕೆಲಸ ಕೊಟ್ಟವರು ಅವರು. ಆ ಕಥೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ಅದಕ್ಕೂ ಮೊದಲು ಅವರ "ಯಾರಿಗೆ?" ಬಗ್ಗೆ ಹೇಳಬೇಕು. ಕ್ಲಾಸಿನಲ್ಲಿ ಯಾರು ಏನೇ ಉತ್ತರ ಕೊಟ್ಟರೂ ಕನ್ನಡಕ ತೆಗೆದು ಹಿಡಿದುಕೊಂಡು, "ಯಾರಿಗೆ?" ಎನ್ನುತ್ತಿದ್ದರಂತೆ.

"ವ್ಯಾಪಾರ ಅಂದ್ರ ಲಾಭ ಮಾಡೋದು ಸರ್."

"ಯಾರಿಗೆ?"

"ಮಾಲಕಗ ಸರ್."

"ಮತ್ತ ಯಾರಿಗೆ?"

ಹುಡುಗ ತಲೆ ಕೆರೆದುಕೊಂಡು ನಿಂತರೆ, "ಕುಂದರಪಾ, ನಾಳೆ ಹೇಳಾಕಂತ" ಎಂದು ಮುಂದೆ ಹೋಗುತ್ತಿದ್ದರಂತೆ. ಮರುದಿನ ಮರೆಯದೆ ಕೇಳುತ್ತಿದ್ದರಂತೆ.

ಇದನ್ನೆಲ್ಲ ನಮಗೆ ಅಣಕಿಸಿ ತೋರಿಸುತ್ತಿದ್ದವಳು ಕಸ್ತೂರಿ, ನನ್ನ ನಾದಿನಿಯ ಮಗಳು. ಸರಸಂಬಾದ ಹುಡುಗಿ. ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಅವಳ ದೆಸೆಯಿಂದ ನಮ್ಮ ಮನೆಯಲ್ಲಿ ಯಾರೂ ಒಂದು ಮಾತು ಆಡುವಂತಿರಲಿಲ್ಲ. "ಸಾರಿಗೆ ಉಪ್ಪು ಹೆಚ್ಚಾಗ್ಯಾದ" ಎಂದು ನಮ್ಮವರು ಅಂದರೆ ಒಳಗಿನಿಂದ ಅವಳ ದನಿ, "ಯಾರಿಗೆ ಮಾಮಾ?" ನಮ್ಮ ಅತ್ತೆಗೆ ನಗು ತಡೆಯಲಾಗದೆ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಅವರ ಇನ್ನೊಂದು ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಸಂತೆಯ ದಿನ ಮಧ್ಯಾಹ್ನ ಪಾಠವಿಲ್ಲ. ಹುಡುಗರನ್ನು ಕರೆದುಕೊಂಡು ಅಡತ್ ಬಜಾರಿಗೆ ಹೋಗುತ್ತಿದ್ದರು. ರಾಶಿ ಸುರಿಯುವುದು, ಜರಡಿ ಹಿಡಿಯುವುದು, ತೂಗುವುದು ಎಲ್ಲ ನಿಂತು ನೋಡಬೇಕು, ಬಂದು ಬರೆಯಬೇಕು. "ಪುಸ್ತಕದಾಗ ಅರ್ಧಾ ಅದ. ಉಳಿದರ್ಧಾ ಟಾವೆಲ್ ಕೆಳಗ ಅದ" ಎನ್ನುತ್ತಿದ್ದರು. ಹೊರಗಿನವರಿಗೆ ಇದು ಒಗಟಾದೀತು. ಆಗ ನಮ್ಮ ಕಡೆಯ ಬಜಾರಿನಲ್ಲಿ ಹಳಬರು ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಅಡತ್ ಅಂಗಡಿಯವನೂ ಖರೀದಿದಾರನೂ ಕೈ ಕೈ ಹಿಡಿದು, ಮೇಲೊಂದು ಟವೆಲ್ ಹಾಸಿಕೊಂಡು, ಬೆರಳು ಒತ್ತಿ ಒತ್ತಿ ದರ ಮಾತಾಡುತ್ತಿದ್ದರು. ಒಬ್ಬ ಕೊಟ್ಟ ದರ ಇನ್ನೊಬ್ಬನಿಗೆ ತಿಳಿಯಬಾರದು, ಅಷ್ಟೇ. ಬಹಿರಂಗ ಹರಾಜು ಎಂದು ಬೋರ್ಡು ಬಂದು ಗೋಡೆಗೆ ತೂಗಿದ್ದರೂ ಟವೆಲ್ ಮಾತ್ರ ಹೆಗಲಿನಿಂದ ಇಳಿದಿರಲಿಲ್ಲ. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತು, ಆ ಟವೆಲ್ ಮೇಲೆ ಕೆಳಗೆ ಆಡುವುದನ್ನು ನೋಡುತ್ತಿರುತ್ತಿದ್ದ.

ಇನ್ನು ಸುತ್ತೋಲೆಯ ವಿಷಯ. ಹೊಸ ವಿಶ್ವವಿದ್ಯಾಲಯ ಬಂದು ನಮ್ಮ ಕಾಲೇಜು ಅದಕ್ಕೆ ಸೇರಿದ ಕೆಲ ಕಾಲದ ಮೇಲೆ ಒಂದು ಕಾಗದ ಬಂತು. ನಿಮ್ಮ ಕಾಲೇಜಿನ ಧ್ಯೇಯವೇನು, ಇಲ್ಲಿಂದ ಹೊರಗೆ ಹೋಗುವ ವಿದ್ಯಾರ್ಥಿ ಏನೇನು ಕಲಿತಿರಬೇಕು, ಅದೆಲ್ಲ ವಿಶ್ವವಿದ್ಯಾಲಯದ ಧ್ಯೇಯಕ್ಕೆ ಹೇಗೆ ಹೊಂದುತ್ತದೆ, ಇವನ್ನು ಬರೆದು ಕೊಡಬೇಕು. ಸಮಿತಿ ಬಂದು ನೋಡುತ್ತದೆ. ಅವರಿಗೆ ಒಪ್ಪಿಗೆಯಾದರೆ ಮಾನ್ಯತೆ ಮುಂದುವರಿಯುತ್ತದೆ. ಇಲ್ಲವಾದರೆ ಡಿಗ್ರಿ ಕ್ಲಾಸು ಮುಚ್ಚಬೇಕು.

ಮುಚ್ಚಿದರೆ ಗಂಡು ಹುಡುಗರು ಬಸ್ಸು ಹತ್ತಿ ಗುಲ್ಬರ್ಗಾಕ್ಕೆ ಹೋಗುತ್ತಾರೆ. ಕಸ್ತೂರಿಯಂಥವರು ಹೋಗುವುದಿಲ್ಲ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು, "ಆಳಂದದಾಗ ಇರೋತನಕ ಓದಲಿ. ಮುಂದ ಕಳಸಂಗಿಲ್ಲ. ವರಾನೂ ನೋಡಿಟ್ಟೇನಿ." ಸುತ್ತೋಲೆ ಬಂದಂದಿನಿಂದ ಆ ಹುಡುಗಿ ಅಣಕಿಸುವುದನ್ನು ಬಿಟ್ಟಳು. ಆ ದಿನ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಯಾರೂ ನಗಲಿಲ್ಲ.

ಸಭೆ ಸೇರಿತು. ನಾನು ಅಡಿಗೆಮನೆಯ ಬಾಗಿಲ ಹಿಂದೆ ಚಹಾ ಸೋಸುತ್ತಿದ್ದೆ. ನಮ್ಮವರದು ಸರಳ ಉಪಾಯ. "ಅವರು ತಮ್ಮ ಧ್ಯೇಯ ಅಚ್ಚು ಹಾಕಿ ಕಳಿಸ್ಯಾರಲ್ರಿ ಸರ್. ಅದನ್ನೇ ಎತ್ತಿ ಬರದ್ರಾತು. ಅವರದು ಅವರಿಗೇ ಕೊಟ್ರ ಬ್ಯಾಡ ಅಂತಾರೇನು?"

ಪ್ರಾಚಾರ್ಯರು ನಕ್ಕರು. "ಬೀಗರು ಉಡಿಸಿದ ಸೀರಿ ಮಡಚಿ ಅವರಿಗೇ ಉಡುಗೊರಿ ಒಯ್ದಂಗ ಆಗ್ತದ್ರಿ."

"ಒಯ್ದರ ಏನಾತು ಮಾಸ್ತರ? ಸೀರಿ ಛಲೋ ಇದ್ರ ಸಾಕು" ಎಂದವರು ಜೇವರ್ಗಿಯ ಗೌಡರು. ಅವರು ಜೇವರ್ಗಿಯಲ್ಲಿ ಬೇಳೆ ಗಿರಣಿ ಇಟ್ಟಿದ್ದರು, ನಮ್ಮ ಬಜಾರಿನ ದೊಡ್ಡ ಖರೀದಿದಾರರು, ಸಂಘಕ್ಕೂ ದೊಡ್ಡ ಕೈ. ಎಲ್ಲರೂ ನಕ್ಕರು. ಪ್ರಾಚಾರ್ಯರೂ ನಕ್ಕರು. ನಕ್ಕು ಮುಗಿದ ಮೇಲೆ, "ನಾ ಬರದು ತರ್ತೇನ್ರಿ" ಎಂದರು.

ಆದರೆ ಬರೆದದ್ದು ನಾನು. ಎರಡು ದಿನ ಬಿಟ್ಟು ಅವರು ಬಂದು, "ವೈನಿ, ನಿಮ್ಮ ಅಕ್ಷರ ಛಂದ ಅವ ಅಂತ ಕೇಳೇನಿ. ಸಮಿತಿಯವರು ನಮ್ಮ ಗುಮಾಸ್ತನ ಅಕ್ಷರ ಓದಿದ್ರ ಮಾನ್ಯತಾ ಅಲ್ಲೇ ಹೋಗ್ತದ" ಎಂದರು. ಹೀಗೆಂದು ಸುಮ್ಮನೆ ಕೂರಲಿಲ್ಲ. ನಾನು ಬಾಗಿಲ ಬಳಿ ನಿಂತೇ ಬರೆಯುವವಳೆಂದು ತಿಳಿದು, ತಾವೇ ಎದ್ದು ಗೋಡೆಯ ಬದಿಯ ಕುರ್ಚಿ ತಂದು ಮೇಜಿನ ಹತ್ತಿರ ಇಟ್ಟರು. ಆ ಕುರ್ಚಿಯಲ್ಲಿ ಗಂಡಸರು ಬಿಟ್ಟರೆ ಅದುವರೆಗೆ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ. ಅದರ ಬಲಗೈ ಸಡಿಲವಾಗಿದೆ ಎಂದು ಅಂದೇ ತಿಳಿಯಿತು.

ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಕಾನ್ವೆಂಟಿನ ವಾರ್ಷಿಕೋತ್ಸವದಲ್ಲಿ ಕೇಳಿದ ದೊಡ್ಡ ದೊಡ್ಡ ಮಾತುಗಳು ನನಗೆ ಬಾಯಿಪಾಠವಿದ್ದವು. ಶ್ರೇಷ್ಠತೆ, ಸರ್ವತೋಮುಖ ಬೆಳವಣಿಗೆ, ಹೀಗೆ. ಓದಿ ಹೇಳಿದೆ. ಅವರು ಕನ್ನಡಕ ತೆಗೆದರು.

"ಯಾರಿಗೆ?"

ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ.

"ಮೊದಲು ಕನ್ನಡದಾಗ ಬರೀರಿ ವೈನಿ. ಇಂಗ್ಲಿಷಿನಾಗ ಸುಳ್ಳು ಹೇಳಿದ್ರ ಬೇಕಾದಷ್ಟು ಛಂದ ಕಾಣ್ತದ. ನಮ್ಮ ಮಾತಿನಾಗ ಹೇಳಿದ್ರ ಮನಿ ಮಂದಿ ಹಿಡೀತಾರ."

ಹಾಗಾಗಿ ವಿಶ್ವವಿದ್ಯಾಲಯದ ಧ್ಯೇಯವನ್ನೇ ಮೊದಲು ಒಂದೊಂದು ಸಾಲಾಗಿ ಕನ್ನಡಕ್ಕೆ ತಂದೆವು. ಪ್ರತಿ ಸಾಲಿಗೂ ಅವರು, ಇದನ್ನು ನಾವು ಮಾಡುತ್ತೇವೆಯೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ವಿದ್ಯೆಯನ್ನು ಈ ನಾಡಿನ ದುಡಿಮೆಗೆ ಜೋಡಿಸುವುದು ಎಂಬ ಅರ್ಥದ ಒಂದು ಸಾಲು ಬಂದಾಗ ಅವರ ಮುಖ ಅರಳಿತು. "ಸಂತಿ! ನಮ್ಮ ಸಂತಿ ಪಾಠ ಇದಕ್ಕ ಬರೋಬ್ಬರಿ ಕೂಡ್ತದ. ಬರೀರಿ." ಮುಂದಿನ ಸಾಲು, ಹೆಣ್ಣುಮಕ್ಕಳಿಗೂ ಅದೇ ಕಲಿಕೆ ಸಮನಾಗಿ ಸಿಗುವುದು ಎಂಬುದು. ಅವರು ಅದಕ್ಕೂ "ಹ್ಞಾಂ, ಹ್ಞಾಂ" ಎಂದು, ತಟ್ಟನೆ ನಿಲ್ಲಿಸಿದರು.

"ಕಸ್ತೂರಿ, ಬಾ ಬೇ ಇಲ್ಲಿ. ಸಂತಿ ದಿನ ಹುಡುಗರು ಬಜಾರಕ್ಕ ಹೋದಾಗ ನೀವು ಹುಡುಗ್ಯಾರು ಏನ್ ಮಾಡ್ತೀರಿ?"

ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಲೈಬ್ರರಿದಾಗ ಕುಂದರ್ತೇವಿ ಸರ್. ಹುಡುಗರು ಬಂದ ಮ್ಯಾಲ ಅವರು ಬರದಿದ್ದು ನೋಡಿ ಬರ್ಕೋತೇವಿ."

"ಇಷ್ಟು ದಿನಾನೂ?"

"ಹೌದ್ರಿ."

ಅವರು ಕರ್ಚೀಫಿನಿಂದ ಕನ್ನಡಕ ಒರೆಸತೊಡಗಿದರು. ಎಷ್ಟು ಹೊತ್ತು ಒರೆಸಿದರೆಂದರೆ, ನಾನು ಪೆನ್ನಿನ ಮುಚ್ಚಳ ಹಾಕಿಬಿಟ್ಟೆ. ಆಮೇಲೆ, "ಈ ಸಾಲು ಬರೀಬ್ಯಾಡ್ರಿ" ಎಂದರು.

ಅಷ್ಟರಲ್ಲಿ ಅಂಗಡಿಯಿಂದ ಬಂದ ನಮ್ಮವರಿಗೆ ಇದು ಅರ್ಥವಾಗಲಿಲ್ಲ. "ಅದೇ ಸಾಲು ಬಿಟ್ರ ಸಮಿತಿ ಬಿಡ್ತದೇನ್ರಿ? ಸಮಿತಿ ಬರಾಕ ಇನ್ನೂ ಎರಡು ಮೂರು ಸಂತಿ ಅವ. ಬರದು ಬಿಡ್ರಿ, ಆಮ್ಯಾಲ ಮಾಡಿದ್ರಾತು. ಯಾರು ನೋಡಾಕತ್ತಾರ?"

"ಬರದು ಮಾಡೋದು ಬ್ಯಾಡ್ರಿ. ಮಾಡಿ ಬರಿಯೋಣು."

ಹೀಗೆ ಹುಡುಗಿಯರು ಬಜಾರಿಗೆ ಹೋಗಬೇಕೆಂದಾಯಿತು. ಹೇಳುವುದು ಸುಲಭ. ಪ್ರಾಚಾರ್ಯರು ಛತ್ರಿ ಹಿಡಿದು ಮನೆ ಮನೆಗೆ ಹೋದರು. ಅವರಿಗೆ ಸ್ಕೂಟರ್ ಎಂದರೆ ಪ್ರಾಣಭಯ, ಎಲ್ಲಿಗೂ ನಡೆದೇ ಹೋಗುವವರು. ಒಂದೊಂದು ಮನೆಯಲ್ಲೂ ಒಂದೇ ಮಾತು: ಗಂಡಸರ ಬಜಾರು, ಹುಡುಗ್ಯಾರಿಗೆ ಅಲ್ಲೇನು ಕೆಲಸ? ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂತು, ನೀರು ಕುಡಿದು, "ವೈನಿ, ನೀವು ಸಂಗಾಟ ಬಂದ್ರ ಕಳಸ್ತಾರಂತ್ರಿ" ಎಂದರು.

ನಾನು! ನಮ್ಮದೇ ಅಂಗಡಿ ಆ ಬಜಾರಿನಲ್ಲಿದ್ದರೂ ನಾನು ಅದರ ಮೆಟ್ಟಿಲು ಕಂಡಿರಲಿಲ್ಲ. ತೊಗರಿ ನನಗೆ ಚೀಲದಲ್ಲಿ ಮನೆಗೆ ಬರುವ ವಸ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಅಂದು ಜಿಡಗಾದ ಮಠಕ್ಕೆ ಹೋಗಿ ಬಂದು ಕಾಲು ಚಾಚಿಕೊಂಡು ಕೂತಿದ್ದರು. "ಆ ಅಂಗಡಿ ಅನ್ನ ಉಣ್ತೀವಿ, ಅಂಗಡಿ ಮಾರಿ ನೋಡಿದ್ರ ಮೈಲಿಗಿ ಆಗ್ತದೇನು? ಹೋಗಿ ಬಾ. ಬರುವಾಗ ನಿನ್ನ ಗಂಡ ಅಲ್ಲಿ ಹ್ಯಾಂಗ ಕುಂದರ್ತಾನ ನೋಡಿ ಬಂದು ಹೇಳು. ಮನ್ಯಾಗಂತೂ ಬೆನ್ನು ನೆಟ್ಟಗ ಇರಂಗಿಲ್ಲ."

ಹೋದೆವು. ಹುಡುಗಿಯರು ಒಬ್ಬರ ಜಡೆ ಒಬ್ಬರು ಹಿಡಿಯುವುದಷ್ಟೇ ಬಾಕಿ, ಹಾಗೆ ಅಂಟಿಕೊಂಡು ನಡೆದರು. ನನಗೆ ಮೊದಲು ತಾಗಿದ್ದು ತೊಗರಿಯ ಧೂಳಿನ ವಾಸನೆ. ನಮ್ಮವರ ಅಂಗಿಯನ್ನು ಒಗೆಯುವಾಗ ಬರುತ್ತಿದ್ದ ವಾಸನೆಯೇ, ಆದರೆ ಇಡೀ ಬೀದಿಯಷ್ಟು ದೊಡ್ಡದು. ಪ್ರಾಚಾರ್ಯರು ನಮ್ಮನ್ನು ಚಾಚಾ ಅವರ ಅಂಗಡಿಗೆ ಕರೆದೊಯ್ದರು. ಬಜಾರಿನ ಹಿರಿಯ ಅಡತ್ ವ್ಯಾಪಾರಿ ಅವರು, ಬಿಳಿಯ ಗಡ್ಡ, ಹೆಗಲ ಮೇಲೆ ಹಸಿರು ಅಂಚಿನ ಟವೆಲ್. ಎದುರಿಗೆ ಜಿಡಗಾದ ರೈತರೊಬ್ಬರ ತೊಗರಿ ರಾಶಿ. ರೈತರು ರಾಶಿಯ ಪಕ್ಕದಲ್ಲೇ ಕೂತಿದ್ದರು.

"ಚಾಚಾ, ಹುಡುಗ್ಯಾರಿಗೆ ಬೆರಳಿನ ವ್ಯಾಪಾರ ತೋರಸ್ರಿ."

ಚಾಚಾ ಎರಡೂ ಕಿವಿ ಮುಟ್ಟಿಕೊಂಡರು. "ತೋಬಾ ತೋಬಾ! ಬೇಟಿ ಕೈ ನಾ ಹ್ಯಾಂಗ ಹಿಡೀಲಿ ಸಾಹೇಬ್ರ? ಹುಡುಗರಿಗಾದ್ರ ಕೈ ಹಿಡಿದು ಕಲಿಸಿದೆ."

ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಕೈ ಹಿಡಿಯದೆ ಆ ವಿದ್ಯೆ ಕಲಿಯುವಂತಿಲ್ಲ. ಟವೆಲ್‌ನ ಹೊರಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಪ್ರಾಚಾರ್ಯರು ನನ್ನ ಕಡೆ ತಿರುಗಿ, "ವೈನಿ, ನಿಮ್ಮ ಸೆರಗು" ಎಂದರು. ಅಷ್ಟೇ. ನಾನು ಸೆರಗನ್ನು ಮುಂದಕ್ಕೆ ತಂದು ಕೈ ಚಾಚಿದೆ, ಕಸ್ತೂರಿ ಅದರ ಕೆಳಗೆ ಕೈಯಿಟ್ಟಳು. ಚಾಚಾ ದೂರ ನಿಂತು ಬಾಯಿಂದ ಹೇಳಿಕೊಟ್ಟರು, ಈ ಬೆರಳು ಹೀಗೆ ಹಿಡಿದರೆ ಇಷ್ಟು, ಅರ್ಧ ಒತ್ತಿದರೆ ಅಷ್ಟು. ಅವಳ ಬೆರಳುಗಳು ಬೆವರಿ ತಣ್ಣಗಿದ್ದವು. ಹಮಾಲರು ಚೀಲ ಇಳಿಸಿ ನೋಡತೊಡಗಿದರು. "ಗಿರಾಕಿ ಛಲೋ ಅದಾರ ಚಾಚಾ" ಎಂದು ಯಾರೋ ಅಂದರು. ನನ್ನ ಕಿವಿ ಬೆಚ್ಚಗಾಯಿತು.

ಆಗ ಖರೀದಿದಾರರು ಬಂದರು. ಚಾಚಾ ಒಬ್ಬೊಬ್ಬರ ಕೈಯನ್ನೂ ಟವೆಲ್ ಕೆಳಗೆ ಹಿಡಿದರು. ಹಿಡಿದು, ಪಾಠ ಹೇಳುವ ಹುರುಪಿನಲ್ಲಿ, ಹುಡುಗಿಯರ ಕಡೆ ತಿರುಗಿ ಜೋರಾಗಿ ಹೇಳುತ್ತ ಹೋದರು. "ಈಗ ನೋಡ್ರಿ ಬೇಟಿ, ಜೇವರ್ಗಿ ಗೌಡರ ಮನಷ್ಯಾ ಹಿಂಗ ಹಿಡದ. ಅಂದ್ರ ಅವರ ದರ ಇಷ್ಟು. ಇವ್ರು ಸೋಲಾಪುರದವರು, ಇವ್ರು ಗೌಡರಕಿಂತ ಎರಡು ಬೆರಳು ಹೆಚ್ಚು ಹಿಡದ್ರು. ತಿಳೀತಾ?" ಮಾತು ಮುಗಿಸಿ, ದಿನದ ರೂಢಿಯಂತೆ ಹಿಂದೆ ತಿರುಗಿ ಗುಮಾಸ್ತನಿಗೆ, "ಮಾಲು ಗೌಡರ ಹೆಸರಿಗೆ ಬರಿ" ಎಂದರು.

ರಾಶಿಯ ಪಕ್ಕದಲ್ಲಿ ಕೂತಿದ್ದ ರೈತರು ಎದ್ದು ನಿಂತರು. ಜಗಳದ ದನಿಯಲ್ಲ, ನಿಜವಾಗಿ ತಿಳಿಯದವರ ದನಿ. "ಚಾಚಾ, ಅವ್ರು ಎರಡು ಬೆರಳು ಹೆಚ್ಚು ಅಂದ್ರಲ್ರಿ. ಮತ್ತ ಗೌಡರಿಗೆ ಯಾಕ?"

ಚಾಚಾ ಗುಮಾಸ್ತನ ಪುಸ್ತಕದ ಮೇಲೆ ಕೈ ಅಡ್ಡ ಇಟ್ಟರು. ಗೌಡರಿಗೆ ಕೊಡುವುದು ವರ್ಷಾನುವರ್ಷದ ರೂಢಿ, ಟವೆಲ್ ಕೆಳಗಿನ ಸ್ನೇಹ. ಅದರಲ್ಲಿ ತಪ್ಪಿದೆ ಎಂದು ಅವರಿಗೂ ಆ ಗಳಿಗೆಯವರೆಗೆ ಹೊಳೆದಿರಲಿಲ್ಲವೇನೋ. ಹೆಣ್ಣುಮಕ್ಕಳ ಕೈ ಹಿಡಿಯಬಾರದೆಂಬ ಮರ್ಯಾದೆಗೆ ಬಾಯಿಂದ ಹೇಳಿದ್ದರು. ಬಾಯಿಂದ ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು.

ಚಾಚಾ ಕೊನೆಗೆ ಗಡ್ಡ ನೇವರಿಸಿಕೊಂಡು ನಕ್ಕರು. "ಬರೋಬ್ಬರಿ ಅದ ಭಾಯಿ. ಸೋಲಾಪುರದವರ ಹೆಸರಿಗೇ ಬರಿ."

ಪ್ರಾಚಾರ್ಯರು ಬರುವಾಗ ದಾರಿಯಲ್ಲಿ ಕಸ್ತೂರಿಯನ್ನು, "ಏನ್ ಕಲ್ತಿ?" ಎಂದು ಕೇಳಿದರು. ಅವಳು ಬೆರಳಿನ ಲೆಕ್ಕವನ್ನೆಲ್ಲ ಒಪ್ಪಿಸಿದಳು. "ಹ್ಞಾಂ, ಆತು" ಎಂದರು. ಹೊಗಳುವುದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಅದೊಂದು ದೋಷವೇ ಅವರಲ್ಲಿ. ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದರು, "ನನ್ನ ಹೋಳಿಗಿ ಊರೆಲ್ಲ ಹೊಗಳ್ತದ. ಇವರು ಮಾತ್ರ ಇನ್ನೊಂದು ಹಾಕು ಅಂತಾರ. ಅದನ್ನೇ ಹೊಗಳಿಕಿ ಅಂತ ತಿಳ್ಕೊಂಡು ಸಂಸಾರ ಮಾಡೇನಿ."

ಮರುದಿನವೇ ಸಭೆ. ಜೇವರ್ಗಿಯ ಗೌಡರು ಜೀಪಿನಲ್ಲಿ ಬಂದಿದ್ದರು. "ಕಾಲೇಜು ನಾವು ಕಟ್ಟಿದ್ದು ಹುಡುಗರಿಗೆ ವ್ಯಾಪಾರ ಕಲಸಾಕ. ನಮ್ಮ ಟಾವೆಲ್ ಎಳಿಯಾಕಲ್ಲ. ಮಾಸ್ತರ, ಆ ಸಂತಿ ಪಾಠ ಇವತ್ತಿಗೆ ಬಂದ್. ವಿಶ್ವವಿದ್ಯಾಲಯದ್ದು ಇದ್ದಂಗ ಬರದು ಕೊಡ್ರಿ. ಇಲ್ಲಾಂದ್ರ ನಮಗ ಬ್ಯಾರೆ ಪ್ರಿನ್ಸಿಪಾಲ್ ಸಿಗ್ತಾನ."

ಪ್ರಾಚಾರ್ಯರು ಕನ್ನಡಕ ತೆಗೆದರು. "ಸಿಗ್ತಾನ್ರಿ. ಇದ್ದಂಗೇ ಬರಿಯೋಣು ಅಂದ್ರ ಬರಿಯೋಣು. ಆದ್ರ ಸಮಿತಿ ಮುಂದ ಅದನ್ನ ನೀವೇ ಓದ್ರಿ ಗೌಡ್ರ. ಈ ನಾಡಿನ ದುಡಿಮಿಗೆ ವಿದ್ಯಾ ಕೊಡ್ತೇವಿ ಅಂತ ಅದರಾಗ ಅದ. ಯಾರಿಗೆ ಅಂತ ಅವರು ಕೇಳಿದ್ರ, ಅದಕ್ಕೂ ನೀವೇ ಹೇಳ್ರಿ."

ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಿ ಚಹಾದ ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಟ್ಟೆ. ನಮ್ಮವರು ತಲೆ ಬಗ್ಗಿಸಿ ಕೂತಿದ್ದರು. ಅವರೂ ಅಡತ್ ವ್ಯಾಪಾರಿ, ಗೌಡರು ಅವರಿಗೂ ದೊಡ್ಡ ಗಿರಾಕಿ. ಒಳಗೆ ಕಸ್ತೂರಿ ಉಸಿರು ಬಿಡದೆ ಕೇಳುತ್ತಿದ್ದಾಳೆಂದು ಅವರಿಗೆ ಗೊತ್ತಿತ್ತು. ಯಾರ ಮುಖವನ್ನೂ ನೋಡದೆ ಅಂದರು: "ಮುಂದಿನ ಸಂತಿಗೆ ಹುಡುಗ್ಯಾರು ನಮ್ಮ ಅಂಗಡಿಗೇ ಬರಲಿ ಸರ್. ನಾ ಟಾವೆಲ್ ಮನ್ಯಾಗ ಬಿಟ್ಟು ಬರ್ತೇನಿ."

ಗೌಡರು ಚಹಾ ಮುಟ್ಟದೆ ಎದ್ದು ಹೋದರು. ನಮ್ಮ ಮನೆಯಿಂದ ಯಾರಾದರೂ ಹಾಗೆ ಹೋದದ್ದು ಅದೇ ಮೊದಲು. ಅತ್ತೆ ಆ ಲೋಟವನ್ನು ನೋಡಿ, "ಹೊರಗ ಜವಾನ ಕುಂತಾನ, ಅವಗ ಕೊಡು" ಎಂದರು.

ಆ ಸಂಜೆ ನಾವು ಧ್ಯೇಯ ಬರೆದು ಮುಗಿಸಿದೆವು. ಕನ್ನಡದಲ್ಲಿ ಅದು ಒಂದೇ ವಾಕ್ಯ: ಈ ಸೀಮೆಯಲ್ಲಿ ದುಡಿದವರ ಮಾಲಿನ ಬೆಲೆಯನ್ನು ದುಡಿದವರ ಕಿವಿಗೆ ಬೀಳುವಂತೆ ಹೇಳಬಲ್ಲ ಹುಡುಗ ಹುಡುಗಿಯರನ್ನು ತಯಾರು ಮಾಡುವುದು. ನಾನು ಇಂಗ್ಲಿಷಿಗೆ ತಂದಾಗ ಅದು ಉದ್ದವಾಗಿ, ಸೊಟ್ಟಗಾಗಿ ಕಂಡಿತು. ಛಂದ ಮಾಡಲೇ ಎಂದು ಕೇಳಿದೆ. "ಬ್ಯಾಡ್ರಿ. ಛಂದ ಆದ್ರ ತಪ್ಪಿಸ್ಕೊಂಡು ಹೋಗ್ತದ." ಬಿಟ್ಟಿದ್ದ ಹೆಣ್ಣುಮಕ್ಕಳ ಸಾಲನ್ನು ಇನ್ನೊಂದು ಸಂತೆ ಮುಗಿದ ಮೇಲೆ, ಅದೇ ಮಸಿಯಲ್ಲಿ, ಈ ವಾಕ್ಯದ ಕೆಳಗೆ ಜಾಗ ಮಾಡಿ ಸೇರಿಸಿದೆ.

ಸಮಿತಿ ಬಂತು. ಮೂವರು ಪ್ರೊಫೆಸರರು. ನಾನು ಅಲ್ಲಿರಲಿಲ್ಲ, ಕಸ್ತೂರಿ ಬಂದು ಹೇಳಿದ್ದು. ಹಿರಿಯರೊಬ್ಬರು ಕಾಗದ ಓದಿ, "ಇದು ನಮ್ಮ ಧ್ಯೇಯದ ಹಾಗೆ ಕಾಣುವುದಿಲ್ಲವಲ್ಲ" ಎಂದರಂತೆ. ಪ್ರಾಚಾರ್ಯರು, "ಹೌದ್ರಿ. ನಿಮ್ಮದರಾಗ ಒಂದು ಸಾಲು ನಮಗ ಹೊಂದಿರಲಿಲ್ಲ. ಅದಕ್ಕ ಸಾಲು ತಿದ್ದಲಿಲ್ರಿ, ನಾವು ತಿದ್ಕೊಂಡೇವಿ" ಎಂದು, ಅವರನ್ನು ನಡೆಸಿಕೊಂಡು ಬಜಾರಿಗೆ ಬಂದರಂತೆ. ನಮ್ಮ ಅಂಗಡಿಯಲ್ಲಿ ಕಸ್ತೂರಿ ಎಲ್ಲರಿಗೂ ಕೇಳುವಂತೆ ಹರಾಜಿನ ಸವಾಲು ಕೂಗಿದಳು. ಹಿರಿಯರು ಧೂಳಿಗೆ ಸೀನುತ್ತ ಕೊನೆಯವರೆಗೂ ನಿಂತರಂತೆ.

ಮಾನ್ಯತೆ ಸಿಕ್ಕಿತು. ಕಸ್ತೂರಿ ಡಿಗ್ರಿ ಮುಗಿಸಿದಳು. ಆದರೆ ಮುಂದಿನ ವರ್ಷ ಸಂಘದವರು, ಕಾರಣ ಹೇಳದೆ, ಪ್ರಾಚಾರ್ಯರನ್ನು ಅಫಜಲಪುರದಲ್ಲಿ ತಾವು ನಡೆಸುತ್ತಿದ್ದ ಹೈಸ್ಕೂಲಿಗೆ ಹಾಕಿದರು. ನಮ್ಮವರು ವಾದಿಸಿದರು, ಕಾರ್ಯದರ್ಶಿತನವನ್ನೂ ಬಿಟ್ಟರು, ನಡೆಯಲಿಲ್ಲ. ಅವರು ಮಾತ್ರ ನಮ್ಮ ಪಡಸಾಲೆಯಲ್ಲಿ ಕೂತು, ಕೆನೆ ಸರಿಸಿ ಚಹಾ ಕುಡಿದು, "ಊರಿಗೆ ಹತ್ರ ಆತು ಬಿಡ್ರಿ. ಹೊಲಾನೂ ನೋಡ್ಕೋಬೌದು" ಎಂದರು. ಎದ್ದು ಹೋಗುವಾಗ ಆ ಸಡಿಲ ಕುರ್ಚಿಯ ಕೈಯನ್ನು ಒಮ್ಮೆ ಒತ್ತಿ ನೋಡಿ, "ಇದಕ್ಕೊಂದು ಮೊಳಿ ಹೊಡಸ್ರಿ. ವೈನಿ ಕುಂದರ್ತಾರ" ಎಂದು ನಮ್ಮವರಿಗೆ ಹೇಳಿದರು.

ಕಸ್ತೂರಿ ಗೌಡರ ಜೇವರ್ಗಿಗೇ, ಬೇರೆ ಮನೆತನಕ್ಕೆ, ಸೊಸೆಯಾಗಿ ಹೋದಳು. ಗಂಡನಿಗೆ ಆಫೀಸಿನ ನೌಕರಿ. ಮಾವನ ಅಡತ್ ಅಂಗಡಿಯನ್ನು, ಮಾವನ ಕಣ್ಣು ಮಂಜಾದ ಮೇಲೆ, ಅವಳೇ ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ನಾನು ಅವಳ ಮನೆಯಲ್ಲಿದ್ದೆ. ಬೆಳಿಗ್ಗೆ ಫೋನು ಬಂತು. ಪ್ರಾಚಾರ್ಯರು ಹೋದರು, ಮಧ್ಯಾಹ್ನ ಮಣ್ಣು ಮಾಡುತ್ತಾರೆ, ಬರುವುದಾದರೆ ಬೇಗ ಬನ್ನಿ ಎಂದು. ನಾನು ಬಾಡಿಗೆ ಕಾರು ಹೇಳಿ ಅಂಗಡಿಗೆ ಓಡಿದೆ. ಕಸ್ತೂರಿ ರಾಶಿಯ ಮುಂದೆ ನಿಂತಿದ್ದಳು. ಸುದ್ದಿ ಕೇಳಿ ಅವಳ ಮುಖ ಬಿಳುಚಿತು. ಎದುರಿಗೆ ರೈತರು ಗುಂಪಾಗಿ ನಿಂತಿದ್ದರು.

"ನಡಿ ಕಸ್ತೂರಿ, ಕಾರು ಬಂದದ. ಇವತ್ತೊಂದಿನ ಮುಚ್ಚು" ಎಂದೆ.

"ಸವಾಲು ಮುಗಿಸಿ ಬರ್ತೇನಿ ಅತ್ತಿ. ಮಾಲು ಸುರದು ನಿಂತಾರ" ಎಂದಳು.

ನಾನು ಬದಿಯಲ್ಲಿ ಚೀಲದ ಮೇಲೆ ಕೂತೆ. ಅವಳು ದರ ಕೂಗಿದಳು. ಅದು ಮುಂದೆ ನಿಂತವರಿಗಷ್ಟೇ ಕೇಳಿಸಿತು. ಹಿಂದೆ ನಿಂತಿದ್ದ ಮುದುಕರೊಬ್ಬರು ಕಿವಿಗೆ ಕೈ ಹಚ್ಚಿ, "ಕೇಳಲಿಲ್ಲ ಯವ್ವಾ, ಇನ್ನೊಮ್ಮಿ ಹೇಳು" ಎಂದರು.

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮುದುಕರ ಕಡೆ ತಿರುಗಿ, ಬೀದಿಯ ಆಚೆಗೂ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದಳು.